ಗುಳಿಗೆಯೊಳಗಿನ ಗಾಳಿ: ಪರಮಾಣು ಇಂಧನದಲ್ಲಿ ಅನಿಲದ ಹಾದಿ

ಕೈಗಾದ 220 ಮೆಗಾವಾಟ್ ಘಟಕಗಳಿಗೆ ತುಂಬುವ ಇಂಧನದ ಕಟ್ಟು ಅರ್ಧ ಮೀಟರ್ ಉದ್ದದ್ದು. ಜಿರ್ಕೋನಿಯಂ ಮಿಶ್ರಲೋಹದ 19 ಕೊಳವೆಗಳಲ್ಲಿ ಯುರೇನಿಯಂ ಡೈಆಕ್ಸೈಡಿನ ಕಪ್ಪು ಗುಳಿಗೆಗಳನ್ನು ಸಾಲಾಗಿ ಇಳಿಸಿ, ಎರಡೂ ತುದಿಗಳನ್ನು ಬೆಸೆದು ಮುಚ್ಚಿರುತ್ತಾರೆ. ಹೀಗೆ ಬಿಗಿಯಾಗಿ ಮುಚ್ಚಿದ ಕೊಳವೆಯೊಳಗೇ ಹೊಸ ಅನಿಲ ಹುಟ್ಟುತ್ತದೆ. 100 ಯುರೇನಿಯಂ ಪರಮಾಣುಗಳು ಒಡೆದರೆ ಸುಮಾರು 30 ಅನಿಲ ಪರಮಾಣುಗಳು ಉಳಿಯುತ್ತವೆ. ಅವುಗಳಲ್ಲಿ ಸಿಂಹಪಾಲು ಕ್ಸೆನಾನ್, ಮಿಕ್ಕದ್ದು ಕ್ರಿಪ್ಟಾನ್.

ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕ ಸುಲಭ. ಹುಟ್ಟಿದ್ದರಲ್ಲಿ ಎಷ್ಟು ಗುಳಿಗೆಯಲ್ಲೇ ಉಳಿಯುತ್ತದೆ, ಎಷ್ಟು ಹೊರಬೀಳುತ್ತದೆ ಎಂಬುದು ಮಾತ್ರ ದಶಕಗಳ ತಲೆನೋವು. ಹೊರಬಂದ ಕ್ಸೆನಾನ್ ಕೊಳವೆಯ ಒತ್ತಡವನ್ನು ಏರಿಸುವುದಲ್ಲದೆ, ಗುಳಿಗೆಗೂ ಕೊಳವೆಗೂ ನಡುವಿನ ಸಂದಿಯಲ್ಲಿ ಮೊದಲೇ ತುಂಬಿಟ್ಟ ಹೀಲಿಯಮ್ಮಿನೊಂದಿಗೆ ಬೆರೆಯುತ್ತದೆ. ಹೀಲಿಯಂ ಶಾಖವನ್ನು ಚೆನ್ನಾಗಿ ದಾಟಿಸುತ್ತದೆ, ಕ್ಸೆನಾನ್ ತೀರಾ ಮಂದ. ಆದ್ದರಿಂದ ಗುಳಿಗೆ ಇನ್ನಷ್ಟು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಹೆಚ್ಚು ಅನಿಲ ಬಿಡುತ್ತದೆ.

ಈ ಚಲನೆಯನ್ನು ಗಣಿತಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ಕೆನಡಾದ ಚಾಕ್ ರಿವರ್ ಪ್ರಯೋಗಾಲಯದ ಬೂತ್ ಪ್ರಮುಖರು. (ರಾಜಸ್ಥಾನದ ರಾವತ್‌ಭಾಟಾದ ಮೂಲಕ ಕೈಗಾಕ್ಕೆ ಬಂದ, ಭಾರ ಹೈಡ್ರೋಜನ್ನಿನ ನೀರು ಬಳಸುವ ಭಾರಜಲ ರಿಯಾಕ್ಟರುಗಳ ವಂಶದ ಬೇರೂ ಕೆನಡಾದಲ್ಲೇ ಇದೆ.) 1957ರಲ್ಲಿ ಅವರು ಇಂಧನವನ್ನು ಒಂದೇ ಗಾತ್ರದ ಗೋಲಿಗಳ ರಾಶಿಯೆಂದು ಭಾವಿಸಿ, ಅನಿಲ ಗೋಲಿಯೊಳಗೆ ಮೆಲ್ಲಗೆ ಹರಡುತ್ತ (ವಿಸರಿಸಿ) ಮೇಲ್ಮೈ ಮುಟ್ಟಿದ ಕ್ಷಣವೇ ಬಿಡುಗಡೆಯಾಗುತ್ತದೆ ಎಂದು ಲೆಕ್ಕ ಕಟ್ಟಿದರು. ಲೆಕ್ಕ ಚೊಕ್ಕವಾಗಿತ್ತು, ಇಂಧನ ಅಷ್ಟು ಚೊಕ್ಕವಾಗಿರಲಿಲ್ಲ. ಎಷ್ಟೋ ಕಾಲ ಏನೂ ಬಿಡದೆ ಆಮೇಲೆ ಒಮ್ಮೆಲೇ ಬಿಡುವ ಅದರ ಸ್ವಭಾವಕ್ಕೆ ಬೂತ್ ಸೂತ್ರದಲ್ಲಿ ಜಾಗವಿರಲಿಲ್ಲ.

ತಡವಾಗುವುದೇಕೆ ಎಂದು ತಿಳಿಯಲು, ಗುಳಿಗೆಯನ್ನು ಕಟ್ಟಿರುವ ಸಣ್ಣ ಹರಳುಕಣಗಳಲ್ಲಿ ಒಂದರೊಳಗೆ ಇಣುಕಬೇಕು. ಕಣದ ಅಗಲ ಸುಮಾರು 10 ಮೈಕ್ರೋಮೀಟರ್. ಕ್ಸೆನಾನ್ ಯುರೇನಿಯಂ ಡೈಆಕ್ಸೈಡಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು; ಅದು ಒಂದೆರಡು ನ್ಯಾನೋಮೀಟರಿನ ಗುಳ್ಳೆಗಳಾಗಿ ಅಲ್ಲಲ್ಲೇ ಕೂಡಿಕೊಳ್ಳುತ್ತದೆ. ಅಷ್ಟರಲ್ಲಿ ಹತ್ತಿರದ ಇನ್ನೊಂದು ಯುರೇನಿಯಂ ಒಡೆದು, ಅದರ ಚೂರು ಗುಳ್ಳೆಯನ್ನು ಸೀಳಿ ಸಾಗಿ, ಅನಿಲವನ್ನು ಮತ್ತೆ ಹರಳಿನೊಳಕ್ಕೇ ಚದುರಿಸುತ್ತದೆ. ಸೆರೆಯಾಗುವುದು, ಚದುರುವುದು ಎರಡನ್ನೂ ಒಂದೇ ಸೂತ್ರದಲ್ಲಿ ಹಿಡಿದವರು ಬ್ರಿಟನ್ನಿನ ಸ್ಪೈಟ್, 1969ರಲ್ಲಿ. ಹೀಗೆ ತಡವರಿಸುತ್ತ ಕಣದ ಅಂಚು ತಲುಪಿದ ಅನಿಲ ಅಲ್ಲಿ ಮಸೂರದಾಕಾರದ ದೊಡ್ಡ ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಬೆಳೆದು ಒಂದಕ್ಕೊಂದು ತಾಗಿ, ಮೂರು ಕಣಗಳು ಕೂಡುವ ಏಣಿನಲ್ಲಿ ಸುರಂಗ ತೆರೆದ ಮೇಲಷ್ಟೇ ಅನಿಲಕ್ಕೆ ಸಂದಿಯ ದಾರಿ ಸಿಗುತ್ತದೆ. ಅಲ್ಲಿಯವರೆಗಿನ ಕಾಲವೇ ಆ ತಡ.

ಸುರಂಗ ಯಾವ ಬಿಸಿಯಲ್ಲಿ ತೆರೆಯುತ್ತದೆ ಎಂಬುದಕ್ಕೆ ನಾರ್ವೆಯ ಹಾಲ್ಡೆನ್ ಸಂಶೋಧನಾ ರಿಯಾಕ್ಟರ್ ಅಂಕಿ ಕೊಟ್ಟಿತು. ಗುಳಿಗೆಯ ನಡುವೆ ತಾಪಮಾಪಕ, ಕೊಳವೆಯ ತುದಿಯಲ್ಲಿ ಒತ್ತಡಮಾಪಕ ಇಟ್ಟು ನಡೆಸಿದ ಪ್ರಯೋಗಗಳಿಂದ 1970ರ ದಶಕದ ಕೊನೆಗೆ ವಿತಾಂಜಾ ಮತ್ತು ಸಂಗಡಿಗರು ಒಂದು ರೇಖೆ ಎಳೆದರು: ನೂರರಲ್ಲಿ ಒಂದು ಪಾಲು ಅನಿಲ ಹೊರಬೀಳಲು ಬೇಕಾದ ಗುಳಿಗೆಯ ನಡುಬಿಸಿ, ಇಂಧನ ಉರಿದಷ್ಟೂ (ಅಂದರೆ ಅದರ ಪರಮಾಣುಗಳು ಒಡೆದಷ್ಟೂ) 1300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ 1100ರತ್ತ ಇಳಿಯುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಗೆರೆ ಇದೇ.

ಅಚ್ಚರಿ ಬಂದದ್ದು ಗುಳಿಗೆಯ ತಣ್ಣನೆಯ ಹೊರ ಅಂಚಿನಿಂದ. ಅಲ್ಲಿ ಪ್ಲುಟೋನಿಯಂ ಹೆಚ್ಚು ಹುಟ್ಟಿ, ವಿದಳನವೂ (ಪರಮಾಣು ಒಡೆಯುವುದೂ) ಹೆಚ್ಚುತ್ತದೆ; ದೀರ್ಘಕಾಲ ಉರಿದ ಇಂಧನದಲ್ಲಿ ಅಂಚಿನ ಕಣಗಳು ಮೈಕ್ರೋಮೀಟರಿಗಿಂತ ಸಣ್ಣ ಚೂರುಗಳಾಗಿ, ಅನಿಲ ನಡುವಿನ ರಂಧ್ರಗಳಲ್ಲಿ ಒತ್ತಿಕೊಂಡು ಕೂರುತ್ತದೆ. 2006ರಲ್ಲಿ ಹಾಲ್ಡೆನ್‌ನಲ್ಲೇ, ಬಹುಕಾಲ ಉರಿದ ಇಂಧನದ ಮೇಲೆ ಶೈತ್ಯಕ (ಇಂಧನವನ್ನು ತಂಪಿಡುವ ನೀರು) ನಷ್ಟದ ಅಣಕು ಪ್ರಯೋಗ ಮಾಡಿದಾಗ, ಬಿರಿದ ಕೊಳವೆಯಿಂದ ಇಂಧನ ಪುಡಿಪುಡಿಯಾಗಿ ಸುರಿಯಿತು.

ಕೈಗಾದಂಥ ಭಾರಜಲ ಘಟಕಗಳ ಸಹಜ ಯುರೇನಿಯಂ ಅಷ್ಟು ಕಾಲ ಉರಿಯುವುದಿಲ್ಲ: ಟನ್ ಯುರೇನಿಯಂ 7000 ಮೆಗಾವಾಟ್-ದಿನದ ಆಸುಪಾಸಿನಷ್ಟು ಶಾಖ ಕೊಟ್ಟ ಹೊತ್ತಿಗೇ ಕಟ್ಟನ್ನು ಹೊರತೆಗೆಯುತ್ತಾರೆ, ಅದೂ ರಿಯಾಕ್ಟರ್ ನಿಲ್ಲಿಸದೆ. ಆದರೆ ಸಾಮಾನ್ಯ ನೀರು ಬಳಸುವ ಹಗುರಜಲ ರಿಯಾಕ್ಟರಿನ ಉದ್ದ ಕೊಳವೆಗಳಲ್ಲಿ ಅನಿಲಕ್ಕೆಂದೇ ಬಿಡುವ ಖಾಲಿ ಜಾಗ ಈ ಗಿಡ್ಡ ಕೊಳವೆಗಳಲ್ಲಿಲ್ಲ. ಇಲ್ಲಿ ಹೊರಬಂದ ಅನಿಲಕ್ಕೆ ಇರುವುದು ಗುಳಿಗೆಯ ಬಿರುಕು ಮತ್ತು ಕೂದಲೆಳೆಯ ಸಂದಿ ಮಾತ್ರ.