ನಿಲ್ದಾಣ, ಬಿಡಾರ, ಗ್ರಿಡ್

‘ಬಾಹ್ಯಾಕಾಶ ನಿಲ್ದಾಣ’ ಅನ್ನುವ ಹೆಸರೇ ಸ್ವಲ್ಪ ಸುಳ್ಳು. ಬಸ್ ನಿಲ್ದಾಣ ನಿಂತಿರುತ್ತದೆ, ಬಸ್ಸು ಬಂದು ಹೋಗುತ್ತದೆ. ಆದರೆ ನಮ್ಮ ತಲೆಯ ಮೇಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಒಂದು ಕ್ಷಣವೂ ನಿಲ್ಲುವುದಿಲ್ಲ. ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತಾ ದಿನಕ್ಕೆ 16 ಸಲ ಭೂಮಿ ಸುತ್ತುತ್ತದೆ. ನಿಂತರೆ ಕೆಳಗೆ ಬೀಳುತ್ತದೆ, ಅಷ್ಟೇ.

ಹೆಸರಿಗೆ ತಕ್ಕಂತೆ ನಿಜಕ್ಕೂ ನಿಂತಿರುವ ಬಾಹ್ಯಾಕಾಶ ನಿಲ್ದಾಣವನ್ನು ನಾನು ನೋಡಿದ್ದು ಒಂದು ವಿಡಿಯೋ ಗೇಮಿನಲ್ಲಿ. ಗೇಮಿನ ಹೆಸರು ಸ್ಪೇಸ್ ಎಂಜಿನಿಯರ್ಸ್. ಜೆಕ್ ದೇಶದ ಪ್ರಾಗ್ ಊರಿನ ಕೀನ್ ಸಾಫ್ಟ್‌ವೇರ್ ಹೌಸ್ ಮಾಡಿದ್ದು. 2013ರ ಅಕ್ಟೋಬರ್‌ನಲ್ಲಿ ಅರ್ಧಂಬರ್ಧ ರೂಪದಲ್ಲೇ ಆಡಲು ಬಿಟ್ಟರು. ಗ್ರಹಗಳು ಬಂದದ್ದು 2015ರಲ್ಲಿ. ಪೂರ್ತಿ ಬಿಡುಗಡೆ ಅಂತ ಕರೆದದ್ದು 2019ರ ಫೆಬ್ರವರಿಯಲ್ಲಿ. ಇದು ಸ್ಯಾಂಡ್‌ಬಾಕ್ಸ್ ಗೇಮ್. ಅಂದರೆ ಮಕ್ಕಳಿಗೆ ಮರಳಿನ ಗುಡ್ಡೆ ಸಿಕ್ಕ ಹಾಗೆ. ಏನು ಕಟ್ಟಬೇಕು, ಯಾವಾಗ ಕೆಡವಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಅದಿರು ಅಗೆಯುತ್ತೀರಿ, ಕರಗಿಸುತ್ತೀರಿ, ಬಿಡಿಭಾಗ ಮಾಡುತ್ತೀರಿ, ವೆಲ್ಡಿಂಗ್ ಮಾಡಿ ಜೋಡಿಸುತ್ತೀರಿ.

ಇದರಲ್ಲಿ ಮೊದಲು ಗೊತ್ತಿರಬೇಕಾದ ಪದ ‘ಗ್ರಿಡ್’. ಒಂದಕ್ಕೊಂದು ಅಂಟಿಕೊಂಡ ಬ್ಲಾಕುಗಳ ಇಡೀ ಗುಂಪಿಗೆ ಗ್ರಿಡ್ ಅನ್ನುತ್ತಾರೆ. ಒಂದೇ ಬ್ಲಾಕ್ ಇದ್ದರೂ ಗ್ರಿಡ್ಡೇ, ಸಾವಿರ ಇದ್ದರೂ ಒಂದೇ ಗ್ರಿಡ್. ಅದನ್ನು ನಡುವೆ ಕತ್ತರಿಸಿದರೆ ಎರಡು ಗ್ರಿಡ್. ಅಳತೆಯಲ್ಲಿ ಎರಡು ಬಗೆ. ದೊಡ್ಡ ಗ್ರಿಡ್ಡಿನ ಒಂದು ಬ್ಲಾಕ್ 2.5 ಮೀಟರ್, ಚಿಕ್ಕದರಲ್ಲಿ 0.5 ಮೀಟರ್. ಎರಡನ್ನೂ ನೇರವಾಗಿ ಬೆಸೆಯಲು ಆಗುವುದಿಲ್ಲ. (2025ರ ಜನವರಿಯಲ್ಲಿ ಆಡಲು ಬಿಟ್ಟ ಎರಡನೇ ಭಾಗದಲ್ಲಿ ಈ ಭೇದವನ್ನೇ ತೆಗೆದು 25 ಸೆಂ.ಮೀ.ನ ಒಂದೇ ಅಳತೆ ಮಾಡಿದ್ದಾರೆ. ಒಳ್ಳೆ ಕೆಲಸ.)

ಇನ್ನು ‘ಸ್ಟೇಷನ್’ ಮತ್ತು ‘ಶಿಪ್’. ಹೊಸಬರು ಎಡವುವುದು ಇಲ್ಲೇ. ದೊಡ್ಡದಾಗಿ, ಕಟ್ಟಡದ ಹಾಗೆ ಕಂಡರೆ ಸ್ಟೇಷನ್. ಮೂತಿ, ರೆಕ್ಕೆ ಇದ್ದರೆ ಶಿಪ್ ಅಂದುಕೊಳ್ಳುತ್ತಾರೆ. ಗೇಮಿಗೆ ಆಕಾರದ ಹಂಗೇ ಇಲ್ಲ. ಪ್ರತಿ ಗ್ರಿಡ್ಡಿನ ಮೇಲೂ ಒಂದು ಗುರುತು ಇರುತ್ತದೆ: ಇದು ಸ್ಥಿರವೋ, ಚಲಿಸುವುದೋ. ಸ್ಥಿರ ಅಂತಿದ್ದರೆ ಸ್ಟೇಷನ್, ಇಲ್ಲದಿದ್ದರೆ ಶಿಪ್. ನೆಲಕ್ಕೆ ಅಥವಾ ಕ್ಷುದ್ರಗ್ರಹದ ಬಂಡೆಗೆ ಹೂತಂತೆ ಮೊದಲ ಬ್ಲಾಕ್ ಇಟ್ಟರೆ ಅದು ಸ್ಟೇಷನ್ ಆಗಿಯೇ ಹುಟ್ಟುತ್ತದೆ. ಆಮೇಲೆ ಬೇಕಾದರೆ ಕಂಟ್ರೋಲ್ ಪ್ಯಾನೆಲ್‌ನ ಇನ್ಫೋ ಪುಟದಲ್ಲಿ ‘ಕನ್ವರ್ಟ್ ಟು ಶಿಪ್’ ಅನ್ನುವ ಒಂದೇ ಗುಂಡಿ ಒತ್ತಿದರೆ ಸಾಕು. ನಿಮ್ಮ ಮೂರಂತಸ್ತಿನ ಮನೆ ಆ ಕ್ಷಣದಿಂದ ಹಡಗು.

ಸ್ಟೇಷನ್ ಆಗಿರುವಷ್ಟು ಹೊತ್ತು ಗೇಮ್ ಆ ಗ್ರಿಡ್ಡನ್ನು ಚಲನೆಯ ಲೆಕ್ಕದಿಂದಲೇ ಹೊರಗಿಡುತ್ತದೆ. ಗುರುತ್ವ ಅದನ್ನು ಎಳೆಯುವುದಿಲ್ಲ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ, ಅಂದರೆ ಗೇಮಿನ ಮಾಮೂಲಿ ಗರಿಷ್ಠ ವೇಗದಲ್ಲಿ, ಶಿಪ್ಪೊಂದು ಬಂದು ಗುದ್ದಿದರೂ ಗೋಡೆ ನುಜ್ಜುಗುಜ್ಜಾಗಬಹುದು, ಸ್ಟೇಷನ್ ಮಾತ್ರ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಲೋಕದ ಸೆಟ್ಟಿಂಗ್‌ನಲ್ಲಿ ಅನುಮತಿ ಇದ್ದರೆ, ಕೆಳಗಿನ ಕಂಬ ಕಿತ್ತು ಹಾಕಿದರೂ ಮೇಲಿನ ಮಹಡಿ ಗಾಳಿಯಲ್ಲಿ ಸುಮ್ನೆ ನಿಂತಿರುತ್ತದೆ. ತ್ರಿಶಂಕು ಇದ್ದಿದ್ದರೆ ಖುಷಿಪಡುತ್ತಿದ್ದ.

ಕಕ್ಷೆ ಅನ್ನುವುದೇ ಇಲ್ಲಿಲ್ಲ. ಗ್ರಹಗಳೂ ಜಾಗ ಬಿಟ್ಟು ಕದಲುವುದಿಲ್ಲ. ಸೂರ್ಯನೇ ಸುತ್ತು ಹಾಕುತ್ತಾನೆ. ಗ್ರಹದಿಂದ ಸಾಕಷ್ಟು ದೂರ ಹೋದರೆ ಒಂದು ಕಡೆ ಗುರುತ್ವ ಪೂರ್ತಿ ಮುಗಿದೇ ಹೋಗುತ್ತದೆ. ಭೌತಶಾಸ್ತ್ರದ ಮೇಷ್ಟ್ರಿಗೆ ಇದನ್ನು ತೋರಿಸಬೇಡಿ.

ಈಗ ಚಲಿಸುವ ಬೇಸ್. ಆಡುವವರು ‘ಮೊಬೈಲ್ ಬೇಸ್’ ಅನ್ನುತ್ತಾರೆ. ನನಗೆ ಇದಕ್ಕೆ ಹೊಂದುವ ಪದ ‘ಬಿಡಾರ’ ಅನ್ನಿಸುತ್ತದೆ. ಉತ್ತರ ಕರ್ನಾಟಕದ ಕುರಿಗಾರರು ಕುದುರೆ ಮೇಲೆ ಪಾತ್ರೆ, ಕಂಬಳಿ, ಕೋಳಿ, ಎಳೆ ಮರಿ ಎಲ್ಲ ಹೇರಿಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಾರಲ್ಲ, ಆ ಬಿಡಾರ. ಎಲ್ಲಿ ಮೇವು ಇದೆಯೋ ಅಲ್ಲಿ ಮನೆ. ಗೇಮಿನಲ್ಲಿ ಮೇವಿನ ಜಾಗಕ್ಕೆ ಅದಿರು. ಭೂಮಿಯಂಥ ಗ್ರಹದಲ್ಲಿ ಆಟ ಶುರು ಮಾಡಿದರೆ ಕಬ್ಬಿಣ, ನಿಕ್ಕಲ್, ಸಿಲಿಕಾನ್ ಬೇಕಾದಷ್ಟು ಸಿಗುತ್ತದೆ. ಪ್ಲಾಟಿನಂ, ಯುರೇನಿಯಂ ಸಿಗುವುದಿಲ್ಲ. ಪ್ಲಾಟಿನಂ ಇಲ್ಲದೆ ಅಯಾನ್ ಥ್ರಸ್ಟರ್ (ಥ್ರಸ್ಟರ್ ಅಂದರೆ ಶಿಪ್ಪನ್ನು ತಳ್ಳುವ ಎಂಜಿನ್) ಆಗುವುದಿಲ್ಲ, ಯುರೇನಿಯಂ ಇಲ್ಲದೆ ರಿಯಾಕ್ಟರ್ ಉರಿಯುವುದಿಲ್ಲ. ಹಾಗಾಗಿ ಒಂದಲ್ಲ ಒಂದು ದಿನ ಗಂಟುಮೂಟೆ ಕಟ್ಟಲೇಬೇಕು. ಕಟ್ಟಿದ್ದನ್ನೆಲ್ಲ ಬಿಟ್ಟು ಹೋಗುತ್ತೀರೋ, ಮನೆಯನ್ನೇ ಹೊತ್ತು ಹೋಗುತ್ತೀರೋ?

ಹೊತ್ತು ಹೋಗುವವರು ಬೇಸಿನಲ್ಲಿ ಇರಬೇಕಾದ್ದೆಲ್ಲವನ್ನೂ ಶಿಪ್ಪಿಗೆ ತುಂಬುತ್ತಾರೆ. ಅದಿರು ಕರಗಿಸುವ ರಿಫೈನರಿ, ಬಿಡಿಭಾಗ ಮಾಡುವ ಅಸೆಂಬ್ಲರ್, ಐಸಿನಿಂದ ಆಮ್ಲಜನಕ ಮತ್ತು ಹೈಡ್ರೋಜನ್ ತೆಗೆಯುವ ಯಂತ್ರ, ಸತ್ತರೆ ಮತ್ತೆ ಹುಟ್ಟಲು ಸರ್ವೈವಲ್ ಕಿಟ್. ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಕೆಲವರು ಇದನ್ನೆಲ್ಲ ಚಕ್ರದ ಮೇಲೆ ಕಟ್ಟುತ್ತಾರೆ. ನೋಡಲು ಚೆಂದ, ಆದರೆ ಗುಡ್ಡದ ಇಳಿಜಾರಿನಲ್ಲಿ ಮಗುಚಿದರೆ ಎತ್ತಿ ನಿಲ್ಲಿಸುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ.

ಬಿಡಾರಕ್ಕೆ ಭಾರವೇ ಶತ್ರು. ಶಿಪ್ ಆದ ಕ್ಷಣದಿಂದ ಒಳಗಿನ ಒಂದೊಂದು ಕಿಲೋ ಅದಿರೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಗ್ರಿಡ್ಡಿನ ದೊಡ್ಡ ಅಟ್ಮಾಸ್ಫೆರಿಕ್ ಥ್ರಸ್ಟರ್ 64.8 ಲಕ್ಷ ನ್ಯೂಟನ್ ಬಲ ಕೊಡುತ್ತದೆ. ಭೂಮಿಯ ಗುರುತ್ವದಲ್ಲಿ ಸುಮಾರು 660 ಟನ್ ಎತ್ತಿ ಹಿಡಿಯಲು ಇದು ಸಾಕು. ನಿಜವಾದ ಅಂತರರಾಷ್ಟ್ರೀಯ ನಿಲ್ದಾಣದ ತೂಕ ಸುಮಾರು 420 ಟನ್. ಗೇಮಿನ ಒಂದೇ ಥ್ರಸ್ಟರ್ ಅದನ್ನು ನೆಲದಿಂದ ಎತ್ತಿಬಿಡುತ್ತಿತ್ತು! ಆದರೆ ಈ ಥ್ರಸ್ಟರಿಗೆ ಗಾಳಿ ಬೇಕು, ಮೇಲೆ ಹೋದಂತೆ ಸುಸ್ತಾಗುತ್ತದೆ. ಅಯಾನ್ ಇದಕ್ಕೆ ಉಲ್ಟಾ, ನಿರ್ವಾತದಲ್ಲಿ ಹುಲಿ, ಗಾಳಿಯಲ್ಲಿ ಇಲಿ. ಹೈಡ್ರೋಜನ್ ಎಲ್ಲ ಕಡೆ ನಡೆಯುತ್ತದೆ, ಆದರೆ ಐಸ್ ತುಂಬಾ ತಿನ್ನುತ್ತದೆ. ದೂರದ ಪಯಣಕ್ಕೆ ಜಂಪ್ ಡ್ರೈವ್ ಇದೆ. ಒಂದು ಡ್ರೈವ್, 1,250 ಟನ್ ಒಳಗಿನ ಶಿಪ್ಪನ್ನು 2,000 ಕಿ.ಮೀ. ಆಚೆಗೆ ಒಂದೇ ನೆಗೆತಕ್ಕೆ ಒಯ್ಯುತ್ತದೆ. ಭಾರ ಅದಕ್ಕಿಂತ ಜಾಸ್ತಿಯಾದರೆ ದೂರ ಕಡಿಮೆಯಾಗುತ್ತದೆ. ಗ್ರಹದ ಗುರುತ್ವದೊಳಗೆ ಇದು ಕೆಲಸ ಮಾಡುವುದಿಲ್ಲ.

ಇನ್ನೆರಡು ಪದ ಜೊತೆಗೇ ಹೇಳಿಬಿಡುತ್ತೇನೆ, ಯಾಕೆಂದರೆ ಬಿಡಾರಕ್ಕೆ ಚಿಕ್ಕ ಶಿಪ್ಪುಗಳು ಬಂದು ಕಟ್ಟಿಕೊಳ್ಳುತ್ತವೆ. ‘ಕನೆಕ್ಟರ್’ ಎರಡು ಗ್ರಿಡ್ಡುಗಳನ್ನು ಕೈಕೈ ಹಿಡಿಸುತ್ತದೆ. ಕರೆಂಟು, ಸಾಮಾನು ಹರಿದಾಡುತ್ತದೆ, ಆದರೆ ಗ್ರಿಡ್ ಎರಡಾಗಿಯೇ ಉಳಿಯುತ್ತದೆ. ‘ಮರ್ಜ್ ಬ್ಲಾಕ್’ ಎರಡನ್ನೂ ಒಂದೇ ಗ್ರಿಡ್ ಮಾಡಿಬಿಡುತ್ತದೆ. ಇಸ್ರೋ 2025ರ ಜನವರಿ 16ರಂದು ಸ್ಪೇಡೆಕ್ಸ್ ಪ್ರಯೋಗದ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳನ್ನು ಜೋಡಿಸಿ, ಆಮೇಲೆ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಹರಿಸಿತಲ್ಲ, ಅದು ಕನೆಕ್ಟರ್ ಜಾತಿಯದು. ಸುದ್ದಿ ನೋಡುವಾಗ ಗೇಮಿನಲ್ಲಿ ಕನೆಕ್ಟರಿಗೆ ಕನೆಕ್ಟರ್ ಕೂಡಿಸಲು ಒದ್ದಾಡಿದ್ದೆಲ್ಲ ಕಣ್ಣ ಮುಂದೆ ಬಂತು. ಇದಲ್ಲದೆ ಪಿಸ್ಟನ್, ರೋಟರ್ ಹಾಕಿದರೆ ಅದರ ತುದಿಯದು ಬೇರೆ ಗ್ರಿಡ್. ಅದು ಕೆಲವೊಮ್ಮೆ ಕಾರಣವೇ ಇಲ್ಲದೆ ನಡುಗಿ, ಕುಣಿದು, ಸಿಡಿದು ಇಡೀ ಶಿಪ್ಪನ್ನು ಚೂರು ಮಾಡುತ್ತದೆ. ಆಟಗಾರರು ಇದನ್ನು ‘ಕ್ಲ್ಯಾಂಗ್’ ದೇವರ ಕೋಪ ಅನ್ನುತ್ತಾರೆ. ಲೋಹಕ್ಕೆ ಲೋಹ ಬಡಿಯುವ ಸದ್ದೇ ದೇವರ ಹೆಸರು.

ಬಿಡಾರ ಊರಿದ ಮೇಲೆ ಜಾಣರು ಮೊದಲು ಮಾಡುವ ಕೆಲಸ ‘ಕನ್ವರ್ಟ್ ಟು ಸ್ಟೇಷನ್’. ಹೊರಡುವಾಗ ಮತ್ತೆ ಶಿಪ್. ನಾನು ಒಂದು ರಾತ್ರಿ ಇದನ್ನು ಮರೆತೆ. ಅದರ ಮೇಲೆ ಡ್ಯಾಂಪನರ್ ಬೇರೆ ಆಫ್ ಆಗಿತ್ತು. ಡ್ಯಾಂಪನರ್ ಅಂದರೆ ಶಿಪ್ಪನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ. ಝಡ್ ಕೀ ಗೊತ್ತಿಲ್ಲದೆ ಒತ್ತಿದ್ದೆ ಅಂತ ಕಾಣುತ್ತದೆ. ಬಿಡಾರ ಸೆಕೆಂಡಿಗೆ ನಾಲ್ಕು ಮೀಟರಿನಂತೆ ತೇಲುತ್ತಿತ್ತು. ಕಣ್ಣಿಗೆ ನಿಂತಂತೆಯೇ ಕಾಣುತ್ತದೆ. ಚಿಕ್ಕ ಶಿಪ್ ತೆಗೆದುಕೊಂಡು ಕ್ಷುದ್ರಗ್ರಹ ಅಗೆಯಲು ಹೋದೆ. ಅರ್ಧ ಗಂಟೆ ಬಿಟ್ಟು ಡಬ್ಬಿ ತುಂಬಾ ಯುರೇನಿಯಂ ತುಂಬಿಕೊಂಡು ಬಂದರೆ ಬಿಡಾರ ಇಲ್ಲ. ಸೆಕೆಂಡಿಗೆ ನಾಲ್ಕು ಮೀಟರ್, ಮೂವತ್ತು ನಿಮಿಷ, ಏಳು ಕಿ.ಮೀ.ಗೂ ಜಾಸ್ತಿ. ಯಾವ ದಿಕ್ಕಿಗೆ ಅಂತ ಗೊತ್ತಿಲ್ಲ. ಬಿಡಾರ ಎಲ್ಲಿದೆ ಅಂತ ತೋರಿಸುವ ಆಂಟೆನಾ ಹಾಕಿರಲಿಲ್ಲ, ಮುಂದಿನ ವಾರ ಹಾಕೋಣ ಅಂದುಕೊಂಡಿದ್ದೆ.

ಗೆಳೆಯನಿಗೆ ಫೋನ್ ಮಾಡಿದೆ. ಅವನು ನನಗಿಂತ ಮೊದಲಿಂದ ಆಡುವವನು.

“ಮಗಾ, ಮನೆ ಕಳೆದುಹೋಗಿದೆ ಕಣೋ.”

“ಸರ್ವೈವಲ್ ಕಿಟ್ ಇದೆಯಾ ಅದರಲ್ಲಿ? ಕರೆಂಟು?”

“ಎರಡೂ ಇದೆ.”

“ಹಾಗಾದ್ರೆ ಹುಡುಕ್ತಾ ಕೂರಬೇಡ. ಈಗಿರೋ ಜಾಗಕ್ಕೆ ಜಿಪಿಎಸ್ ಗುರುತು ಹಾಕಿ ಸಾಯೋ. ಎದ್ದಾಗ ಮನೆಯಲ್ಲೇ ಇರ್ತೀಯ.”

ಗುರುತು ಹಾಕಿ ಬ್ಯಾಕ್‌ಸ್ಪೇಸ್ ಒತ್ತಿದೆ. ಕಣ್ಣು ಬಿಟ್ಟಾಗ ಎದುರಿಗೆ ನನ್ನದೇ ರಿಫೈನರಿ, ಕಿಟಕಿಯಾಚೆ ಗುರುತೇ ಸಿಗದ ಬಂಡೆಗಳು. ಡ್ಯಾಂಪನರ್ ಆನ್ ಮಾಡಿ ಬಿಡಾರ ನಿಲ್ಲಿಸಿದೆ, ‘ಕನ್ವರ್ಟ್ ಟು ಸ್ಟೇಷನ್’ ಒತ್ತಿದೆ. ಆಮೇಲೆ ಯುರೇನಿಯಂ ಇದ್ದ ಶಿಪ್ ತರಲು ಜೆಟ್‌ಪ್ಯಾಕ್ ಹಾಕಿಕೊಂಡು ಏಳು ಕಿಲೋಮೀಟರ್ ವಾಪಸ್ ಹೊರಟೆ.