ಶೋಧನೆ ಬರುವ ಹೊತ್ತು

"ಪಾಸ್ಟರ್, ಎಷ್ಟು ಪ್ರಾರ್ಥನೆ ಮಾಡಿದ್ರೂ ಮತ್ತೆ ಅದೇ ತಪ್ಪು ಮಾಡ್ತೀನಿ. ನಾನು ನಿಜವಾಗ್ಲೂ ವಿಶ್ವಾಸಿನಾ?" ಆಪ್ತಸಲಹೆಗೆ ಬರುವವರು ಹೆಚ್ಚಾಗಿ ಹೀಗೇ ಮಾತು ಶುರು ಮಾಡುತ್ತಾರೆ. ಒಬ್ಬರಿಗೆ ಕುಡಿತ, ಇನ್ನೊಬ್ಬರಿಗೆ ಅಶ್ಲೀಲ ವಿಡಿಯೊ, ಮತ್ತೊಬ್ಬರಿಗೆ ದುಡ್ಡು ಕಟ್ಟಿ ಆಡುವ ಆಟ. ನಾನು ಮೊದಲು ಕೇಳುವುದು ಅವರ ಭಕ್ತಿಯ ಬಗ್ಗೆ ಅಲ್ಲ. ಶೋಧನೆ, ಅಂದರೆ ತಪ್ಪಿನ ಕಡೆ ಎಳೆಯುವ ಸೆಳೆತ, ಯಾವ ಹೊತ್ತಿಗೆ ಬರುತ್ತದೆ, ಆಗ ಜೊತೆಯಲ್ಲಿ ಯಾರಿರುತ್ತಾರೆ ಎಂದು ಕೇಳುತ್ತೇನೆ.

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ. ನೈಟ್ ಶಿಫ್ಟ್ ಮುಗಿಸಿ ರೂಮಿಗೆ ಬಂದಾಗ. ಭಾನುವಾರ ಆರಾಧನೆ ಮುಗಿದು, ಮಧ್ಯಾಹ್ನ ಊಟವಾದ ಮೇಲೆ. ಉತ್ತರ ಯಾವುದೇ ಇರಲಿ, ಜೊತೆಯಲ್ಲಿ ಮಾತ್ರ ಯಾರೂ ಇರುವುದಿಲ್ಲ.

ಸತ್ಯವೇದ, ಅಂದರೆ ಬೈಬಲ್, ಓದುವವರಿಗೆ ಇದು ಹೊಸದಲ್ಲ. ಅರಸ ದಾವೀದನ ಕಥೆ ನೆನಪಿದೆ ಅಲ್ವಾ? ಅರಸರು ಯುದ್ಧಕ್ಕೆ ಹೋಗುವ ಕಾಲ ಅದು. ಸೈನ್ಯವೆಲ್ಲ ಹೋಗಿದೆ, ದಾವೀದ ಮಾತ್ರ ಯೆರೂಸಲೇಮಿನಲ್ಲೇ ಉಳಿದಿದ್ದಾನೆ. ಸಂಜೆ ಹಾಸಿಗೆಯಿಂದ ಎದ್ದು ಅರಮನೆಯ ಮಾಳಿಗೆ ಮೇಲೆ ಅಡ್ಡಾಡುತ್ತಾನೆ. ಆಗ ಬೇರೊಬ್ಬನ ಹೆಂಡತಿ ಬತ್ಷೆಬೆ ಕಣ್ಣಿಗೆ ಬೀಳುತ್ತಾಳೆ, ಅಲ್ಲಿಂದ ಅವನು ಪಾಪಕ್ಕೆ ಬೀಳುತ್ತಾನೆ. ಚರ್ಚಿನ ನಮ್ಮ ಪ್ರಸಂಗಗಳಲ್ಲಿ ಆ ನೋಟದ ಬಗ್ಗೆ ತುಂಬಾ ಹೇಳುತ್ತೇವೆ. ನನಗೆ ಮುಖ್ಯ ಅನಿಸುವುದು ಅದಕ್ಕೂ ಮೊದಲಿನ ಆ ಖಾಲಿ ಸಂಜೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಬಹಳ ಜನ ಇಲ್ಲೇ ಕುಸಿಯುತ್ತಾರೆ. ಶೋಧನೆ ಬಂದಿತು ಎಂದರೆ ಪಾಪ ಮಾಡಿದೆ ಎಂದಲ್ಲ. ಯೇಸುಸ್ವಾಮಿಗೇ ಶೋಧನೆ ಬಂತು, ಅದೂ ದೀಕ್ಷಾಸ್ನಾನವಾದ ಕೂಡಲೇ. 40 ದಿನ ಉಪವಾಸವಿದ್ದು ಹಸಿದಿದ್ದಾಗ ಸೈತಾನ ಮೊದಲು ಎತ್ತಿದ್ದು ರೊಟ್ಟಿಯ ಮಾತು. ರೊಟ್ಟಿಯಲ್ಲಿ ಕೆಟ್ಟದ್ದೇನಿದೆ? ಹಸಿದವನಿಗೆ ಅದು ಬೇಕಾದದ್ದೇ. ನಮಗೂ ಹೀಗೇ. ದಣಿದವನಿಗೆ ವಿಶ್ರಾಂತಿ ಬೇಕು, ಒಂಟಿಯಾದವನಿಗೆ ಪ್ರೀತಿ ಬೇಕು. ಶೋಧನೆ ಆ ನಿಜವಾದ ಹಸಿವನ್ನೇ ಹಿಡಿದುಕೊಂಡು ಬರುತ್ತದೆ. ಆದ್ದರಿಂದ ಹಸಿವನ್ನು ಬೈದುಕೊಂಡು ಪ್ರಯೋಜನವಿಲ್ಲ. ಲೂಕನ ಸುವಾರ್ತೆಯಲ್ಲಿ ಈ ಘಟನೆಯ ಕೊನೆಗೆ ಒಂದು ಮಾತಿದೆ: ಸೈತಾನ ತಕ್ಕ ಸಮಯ ಬರುವ ತನಕ ಬಿಟ್ಟುಹೋದ. ಅಲ್ಲೂ ಹೊತ್ತಿನದೇ ಪ್ರಶ್ನೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಹೋಗುವುದು ನಾಲ್ಕನೇ ಶತಮಾನದ ಈಜಿಪ್ಟಿನ ಸನ್ಯಾಸಿಗಳ ಹತ್ತಿರ. ಅವರಲ್ಲಿ ಇವಾಗ್ರಿಯಸ್ ಎಂಬವರು ನಮ್ಮ ಪೇಟೆ ಹುಡುಗರಿಗೆ ತುಂಬಾ ಹತ್ತಿರದವರು. ಅವರು ಹುಟ್ಟು ಸನ್ಯಾಸಿಯಲ್ಲ. ಕಾನ್‌ಸ್ಟಾಂಟಿನೋಪಲ್ ಎಂಬ ರಾಜಧಾನಿಯಲ್ಲಿ ಹೆಸರು ಮಾಡಿದ ಸಭಾಸೇವಕ, ಅಂದರೆ ಚರ್ಚಿನ ಡೀಕನ್. ಅಲ್ಲಿ ದೊಡ್ಡ ಅಧಿಕಾರಿಯೊಬ್ಬನ ಹೆಂಡತಿಯ ಮೇಲೆ ಮನಸ್ಸಾಯಿತು. ವಾದ ಮಾಡುತ್ತಾ ಕೂರದೆ ಹಡಗು ಹತ್ತಿ ಯೆರೂಸಲೇಮಿಗೆ ಹೋದರು. ತನ್ನನ್ನು ಹಾಸಿಗೆಗೆ ಕರೆದ ಯಜಮಾನ ಪೋಟೀಫರನ ಹೆಂಡತಿಯ ಕೈಯಲ್ಲಿ ಬಟ್ಟೆ ಬಿಟ್ಟು ಓಡಿದ, ಸತ್ಯವೇದದ ಯೋಸೇಫನ ಹಾಗೆ. ಅಲ್ಲಿಂದ ಈಜಿಪ್ಟಿನ ಮರಳುಗಾಡು ಸೇರಿ, 399ರಲ್ಲಿ ತೀರಿಹೋಗುವ ತನಕ ಅಲ್ಲೇ ಇದ್ದರು.

ಮರಳುಗಾಡಿನಲ್ಲಿ ಕೂತು ಅವರು ಮನಸ್ಸಿಗೆ ಬರುವ ಯೋಚನೆಗಳನ್ನು ಗಮನಿಸಿದರು. ಹೊಟ್ಟೆಬಾಕತನ, ಕಾಮ, ದುಡ್ಡಿನಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಆಸೆ, ಗರ್ವ ಎಂದು 8 ಗುಂಪು ಮಾಡಿದರು. ಈ ಯೋಚನೆಗಳು ನಮ್ಮನ್ನು ಕಾಡುತ್ತವೋ ಇಲ್ಲವೋ ಎನ್ನುವುದು ನಮ್ಮ ಕೈಯಲ್ಲಿಲ್ಲ, ಅವು ಒಳಗೆ ಉಳಿಯುತ್ತವೋ ಇಲ್ಲವೋ ಎನ್ನುವುದು ನಮ್ಮ ಕೈಯಲ್ಲಿದೆ ಎಂದರು. ನನ್ನ ಬಳಿ ಅಳುತ್ತಾ ಬರುವ ಎಷ್ಟೋ ಜನರಿಗೆ ಈ ಒಂದು ಮಾತಿನಿಂದಲೇ ಅರ್ಧ ಭಾರ ಇಳಿಯುತ್ತದೆ.

ಬೇಸರದ ಬಗ್ಗೆ ಅವರು ಬರೆದದ್ದನ್ನು ಓದಿದರೆ ಇವತ್ತು ನಮ್ಮನ್ನೇ ನೋಡಿ ಬರೆದಂತಿದೆ. ಅದು ಬೆಳಿಗ್ಗೆ ಸುಮಾರು 10 ಗಂಟೆಯಿಂದ ಮಧ್ಯಾಹ್ನ 2ರ ತನಕ ಕಾಡುತ್ತದಂತೆ. ಸೂರ್ಯ ಜರುಗುವುದೇ ಇಲ್ಲ ಅನಿಸುತ್ತದೆ. ಕಣ್ಣು ಸುಮ್ನೆ ಕಿಟಕಿಯ ಕಡೆ ಹೋಗುತ್ತದೆ. ಇರುವ ಜಾಗ ಬೇಡ, ಮಾಡುವ ಕೆಲಸ ಬೇಡ. ಜೊತೆಯವರಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲ ಎಂಬ ಯೋಚನೆ ಬೇರೆ. ಈಗ ಕಿಟಕಿಯ ಜಾಗದಲ್ಲಿ ಫೋನ್ ಇದೆ, ಅಷ್ಟೇ. ನಾನು ಕಂಡಂತೆ ಕಾಮವಾಗಲಿ ಜೂಜಾಗಲಿ ಜಾಸ್ತಿ ಸಲ ಈ ಬೇಸರದ ಹಿಂದೆಯೇ ಬರುತ್ತದೆ. ಅದಕ್ಕೇ ಬೇಸರದ ಹೊತ್ತನ್ನು ಗುರುತಿಸಿ, ಆ ಹೊತ್ತಿಗೆ ಏನಾದರೂ ಏರ್ಪಾಡು ಮಾಡಿ ಎನ್ನುತ್ತೇನೆ. ರಾತ್ರಿ ಫೋನನ್ನು ಮನೆಯ ಹಾಲ್‌ನಲ್ಲಿ ಚಾರ್ಜಿಗಿಡಿ. ಭಾನುವಾರ ಮಧ್ಯಾಹ್ನ ಯಾರ ಮನೆಗಾದರೂ ಹೋಗಿ. ಇದೇನು ಆತ್ಮಿಕ ಸಲಹೆಯಾ ಎಂದು ಕೆಲವರು ಮುಖ ಸಣ್ಣ ಮಾಡುತ್ತಾರೆ. ಶೋಧನೆ ಬಂದಾಗ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಸಿದ್ಧಮಾಡುತ್ತಾನೆ ಎಂದು ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ. ಆ ದಾರಿ ಕೆಲವು ಸಲ ಪಕ್ಕದ ಮನೆಯ ಬಾಗಿಲೇ ಆಗಿರುತ್ತದೆ.

ಸತ್ಯವೇದದ ವಾಕ್ಯವೂ ಬೇಕು. ಇವಾಗ್ರಿಯಸ್ ಒಂದೊಂದು ಯೋಚನೆಗೂ ಎದುರು ಹೇಳಲು ಸತ್ಯವೇದದಿಂದ ಹೆಚ್ಚುಕಡಿಮೆ 500 ವಾಕ್ಯ ಆರಿಸಿಟ್ಟಿದ್ದರು. ಯೇಸು ಸೈತಾನನಿಗೆ ಕೊಟ್ಟ ಮೂರೂ ಉತ್ತರ ಸತ್ಯವೇದದ ಧರ್ಮೋಪದೇಶಕಾಂಡ ಎಂಬ ಪುಸ್ತಕದವು. ನಮಗೆ ಅಷ್ಟೊಂದು ಬೇಡ. ನಿಮ್ಮ ದುರ್ಬಲ ಹೊತ್ತಿಗೆ ತಕ್ಕ ಒಂದು ವಾಕ್ಯ ಬಾಯಿಪಾಠ ಇರಲಿ, ಜೋರಾಗಿ ಹೇಳಿ. ಆದರೆ ಒಬ್ಬರೇ ಕೂತು ಹೋರಾಡುವುದಕ್ಕೆ ಅದನ್ನು ನೆಪ ಮಾಡಿಕೊಳ್ಳಬೇಡಿ.

ಯಾಕೆಂದರೆ ಮರಳುಗಾಡಿನವರು ಹಿರಿಯರೊಬ್ಬರ ಹತ್ತಿರ ತಮ್ಮ ಯೋಚನೆಗಳನ್ನು ಬಿಚ್ಚಿಡುತ್ತಿದ್ದರು. ಮಾಡಿದ ತಪ್ಪನ್ನಷ್ಟೇ ಅಲ್ಲ, ಇನ್ನೂ ಮಾಡದ ಯೋಚನೆಯನ್ನೂ. ಕಥೋಲಿಕರಿಗೆ ಪಾಪನಿವೇದನೆ, ಅಂದರೆ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವ ಪದ್ಧತಿ, ಇದೆ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ "ನೇರ ದೇವರಿಗೇ ಹೇಳ್ತೀನಿ" ಎನ್ನುವ ಅಭ್ಯಾಸ. ಆದರೆ ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಎಂದು ಸತ್ಯವೇದದಲ್ಲಿರುವ ಯಾಕೋಬನ ಪತ್ರಿಕೆ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ನಾವು ಬಿಟ್ಟುಬಿಟ್ಟಿದ್ದೇವೆ, ಇದು ನಮಗಾದ ದೊಡ್ಡ ನಷ್ಟ. 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್‌ನ 5ನೇ ಹೆಜ್ಜೆಯೂ ಇದೇ: ದೇವರಿಗೆ, ತನಗೆ ಮತ್ತು ಇನ್ನೊಬ್ಬ ಮನುಷ್ಯನಿಗೆ ತಪ್ಪು ಒಪ್ಪಿಕೊಳ್ಳುವುದು.

ಚಟವಾಗಿ ಬೆಳೆದಿದ್ದರೆ ವೈದ್ಯರೂ ಬೇಕು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿತು. ಒಳ್ಳೆಯದೇ, ಆದರೆ ಅದರಿಂದ ಸಾಲವೂ ಚಡಪಡಿಕೆಯೂ ತಾನಾಗಿ ಹೋಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಲ್ಲಿ ಶಟ್ ಕ್ಲಿನಿಕ್ ಶುರುವಾಗಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ.

ಕೊನೆಯದಾಗಿ, ಇಂಥ ಅರಿಕೆಯನ್ನು ಕೇಳಿಸಿಕೊಳ್ಳುವವರಿಗೆ ಎರಡು ಮಾತು. ಸಭೆಯಲ್ಲಿ ಯಾರಾದರೂ ನಿಮ್ಮನ್ನು ನಂಬಿ ಹೇಳಿದರೆ ಮೊದಲು ಪೂರ್ತಿ ಕೇಳಿ. ತಕ್ಷಣ ವಾಕ್ಯ ಹೇಳಬೇಡಿ, ಗಾಬರಿ ತೋರಿಸಬೇಡಿ. ಮುಂದಿನ ಸಲ ಆ ಹೊತ್ತು ಬಂದಾಗ ಫೋನ್ ಮಾಡು, ರಾತ್ರಿ 1 ಗಂಟೆಯಾದರೂ ಎತ್ತುತ್ತೇನೆ ಎಂದು ಹೇಳಿ, ನಿಜಕ್ಕೂ ಎತ್ತಿ. ಅವರು ಹೇಳಿದ್ದನ್ನು ಪ್ರಾರ್ಥನಾ ವಿಷಯ ಅಂತ ಕೂಟದಲ್ಲಿ ಇಡಬೇಡಿ. ಮನೆಯಲ್ಲೂ ಹೇಳಬೇಡಿ. ಒಮ್ಮೆ ಹೀಗೆ ಊರೆಲ್ಲ ಗೊತ್ತಾದವರು ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ.