ಪೌಂಡ್ ಗುರುತಿನ ಲಗ್ನಪತ್ರ

ತಂಗಿಯ ಲಗ್ನಪತ್ರದ ಮ್ಯಾಟರನ್ನು ಗದಗಿನ ಒಂದು ಪ್ರೆಸ್ಸಿಗೆ ಈಮೇಲ್ ಮಾಡಿದ್ದೆ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಮೇಲಿನೊಳಗೇ ಪೇಸ್ಟ್ ಮಾಡಿದ್ದು. ಹತ್ತು ನಿಮಿಷಕ್ಕೆ ಫೋನು: "ಏನ್ ಕಳಿಸೀರಿ ಸರ? ಒಂದ ಅಕ್ಷರಾನೂ ಓದಾಕ ಬರವಲ್ದು, ಬರೇ ಪೌಂಡ್ ಗುರ್ತ ಅದಾವ." ನೋಡಿದರೆ ಮೇಲು ಪ್ಲೇನ್ ಟೆಕ್ಸ್ಟ್ ಆಗಿ ಹೋಗಿತ್ತು. ಗೆಳೆಯರದೆಲ್ಲ ಒಂದೇ ಮಾತು, ಪ್ಲೇನ್ ಟೆಕ್ಸ್ಟ್‌ನಲ್ಲಿ ಕನ್ನಡ ಹೋಗಲ್ಲ ಅಂತ. ಇದನ್ನು ಕೇಳಿದಾಗೆಲ್ಲ ನನಗೆ ತಲೆ ಕೆಡುತ್ತದೆ. ಅದು ಸುಳ್ಳು.

ಪ್ಲೇನ್ ಟೆಕ್ಸ್ಟ್ ಹೊರೋದು ಯಾವ ಅಕ್ಷರ ಅನ್ನೋದನ್ನು ಮಾತ್ರ. ಫಾಂಟು, ಬಣ್ಣ, ದಪ್ಪ ಬೇಕಾದರೆ ಎಚ್‌ಟಿಎಂಎಲ್ ಅನ್ನೋ ಇನ್ನೊಂದು ರೂಪದ ಮೇಲ್ ಬೇಕು. ಹಳೇ ನುಡಿ ಫಾಂಟಿನ ಗುಟ್ಟೇನೆಂದರೆ, ಅದರೊಳಗೆ ಕನ್ನಡವೇ ಇರೋದಿಲ್ಲ. ತೆರೆಯ ಮೇಲೆ 'ಕನ್ನಡ' ಅಂತ ಕಂಡರೂ ಕಂಪ್ಯೂಟರ್ ಬರೆದಿಟ್ಟುಕೊಂಡದ್ದು ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರೋ ಎ, ಆಮೇಲೆ ಪೌಂಡ್ ಗುರುತು, ಹೀಗೇ. ಫಾಂಟು ಅದಕ್ಕೆ ವೇಷ ಹಾಕುತ್ತದೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಳಚಿದ ಮೇಲೆ ಭೀಮ ಹೋಗಿ ಪಕ್ಕದ ಮನೆ ಕಾಕಾ ಉಳೀತಾನಲ್ವಾ, ಹಾಗೆ. ಅಥವಾ ಅಚ್ಚುಮೊಳೆಯ ಕಾಲ ನೆನೆಸಿಕೊಳ್ಳಿ: ಖಾನೆಯ ಮೇಲೆ 'ಪೌಂಡ್' ಅಂತ ಚೀಟಿ, ಒಳಗೆ 'ನ' ಮೊಳೆ. ನಾನು ಚೀಟಿಗಳನ್ನಷ್ಟೇ ಗದಗಿಗೆ ಕಳಿಸಿದ್ದೆ.

ಪ್ರಪಂಚದ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡೋ ಯುನಿಕೋಡ್‌ನಲ್ಲಿ ಈ ವೇಷದ ಗೊಡವೆ ಇಲ್ಲ, ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಅದರದ್ದೇ ಸಂಕೇತಗಳು ಸಿಕ್ಕವು. ತಂಟೆ ಇದ್ದದ್ದು ದಾರಿಯಲ್ಲಿ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ಅನ್ನೋ ಮೇಲ್ ಸಾಗಿಸುವ ನಿಯಮದ ಪ್ರಕಾರ ಮೇಲಿನ ಒಂದು ಅಕ್ಷರಕ್ಕೆ 7 ಬಿಟ್, ಅಂದರೆ ಏಳು ಸೊನ್ನೆ-ಒಂದುಗಳಷ್ಟೇ ಜಾಗ, ಒಟ್ಟು 128 ಸಂಕೇತ. ಕನ್ನಡ ಬಿಡಿ, ಫ್ರೆಂಚರ ಗೆರೆ ಹಾಕಿದ ಅಕ್ಷರಕ್ಕೂ ಜಾಗ ಇರಲಿಲ್ಲ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್, ನೆಡ್ ಫ್ರೀಡ್ ಇಬ್ಬರೂ ಸೇರಿ ಮೈಮ್ ಅನ್ನೋ ಉಪಾಯ ತಂದರು. ರಸ್ತೆ ಅಗಲ ಮಾಡಲಿಲ್ಲ, ಸಾಮಾನನ್ನೇ ಬಿಚ್ಚಿ ಸಣ್ಣ ಗಂಟು ಕಟ್ಟಿದರು! 'ಕನ್ನಡ'ದಲ್ಲಿ ಕ, ನ, ಒತ್ತಿನ ಗುರುತು, ನ, ಡ ಅಂತ ಐದು ಸಂಕೇತ, ಒಂದಕ್ಕೆ 3 ಬೈಟಿನಂತೆ 15 ಬೈಟು. ಮೈಮಿನಲ್ಲಿ ಗಂಟು ಕಟ್ಟುವ ಒಂದು ವಿಧಾನವಾದ ಬೇಸ್64 ಪ್ರತಿ 3 ಬೈಟನ್ನು 4 ಸಾದಾ ಇಂಗ್ಲಿಷ್ ಅಕ್ಷರ ಮಾಡುತ್ತದೆ, ಅಲ್ಲಿಗೆ 20. ಆ ಕಡೆ ಗಂಟು ಬಿಚ್ಚಿದರೆ ಕನ್ನಡ ಕನ್ನಡವಾಗೇ ಇರುತ್ತದೆ, ಪ್ಲೇನ್ ಟೆಕ್ಸ್ಟ್ ಆಗಿಯೇ.

ಪ್ರೆಸ್ಸಿನವರು ಕೊನೆಗೆ ನನ್ನ ಪೌಂಡುಗಳನ್ನೆಲ್ಲ ಪುಟ ಜೋಡಿಸೋ ತಂತ್ರಾಂಶ ಪೇಜ್‌ಮೇಕರ್‌ಗೆ ಹಾಕಿ ನುಡಿ ಫಾಂಟು ಕೊಟ್ಟರು, ಲಗ್ನಪತ್ರ ಎದ್ದು ನಿಂತಿತು. ಅಜ್ಜನ ಹೆಸರಿಗೆ ಮಾಡಿದ್ದ ದಪ್ಪ ಮಾತ್ರ ಹೋಗಿತ್ತು. ಈಗ ಯುನಿಕೋಡ್‌ನಲ್ಲೇ ಕಳಿಸುತ್ತೇನೆ. ಅವರ ಹಳೇ ಪೇಜ್‌ಮೇಕರ್‌ಗೆ ಯುನಿಕೋಡ್ ಬರೋದಿಲ್ಲ, ಹಾಗಾಗಿ ಅವರು ಅದನ್ನು ಮತ್ತೆ ನುಡಿಗೆ ತಿರುಗಿಸಿ ಪೌಂಡ್ ಮಾಡಿಕೊಳ್ಳುತ್ತಾರೆ.